ಹತ್ತನೆಯ ಕುಣಿ ಮುಚ್ಚಲು ಅಪ್ಪಣೆ ಕೋರಿ

ಮಾನ್ಯ ಉಸ್ತುವಾರಿ ಅಧಿಕಾರಿಗಳೇ,

ನಮ್ಮೂರ ಗಾಯರಾಣದಲ್ಲಿ, ಅಂದರೆ ದನ ಮೇಯುವ ಸರಕಾರಿ ಬಯಲಿನಲ್ಲಿ, ತಾವು ತಂತಿಬೇಲಿ ಹಾಕಿಸಿ ಬೀಗ ಜಡಿಸಿರುವ ಜಾಗದಲ್ಲಿ, ಹೆಣ ಹೂಳಲು ತೋಡಿದ ಒಂದು ಕುಣಿ ಎಂಟು ತಿಂಗಳಿಂದ ಬಾಯಿ ತೆರೆದುಕೊಂಡು ಬಿದ್ದಿದೆ. ಅದನ್ನು ತೋಡಿದವನು ನನ್ನ ಅಣ್ಣ ಯಮನೂರಪ್ಪ. ತೋಡಿಸಿದವರು ತಾವು. ತಮ್ಮ ಮಾತನ್ನು ಅವನಿಗೆ ಮುಟ್ಟಿಸಿದವನು ನಾನು. ಆ ಕುಣಿ ಮುಚ್ಚುವವರೆಗೆ ಅಣ್ಣನ ಮನಸ್ಸು ನೆಟ್ಟಗಾಗುವುದಿಲ್ಲ, ಮುಚ್ಚಲು ತಾವು ಬಿಡುತ್ತಿಲ್ಲ. ಇಷ್ಟು ಹೇಳಲು ಮೂರು ಅರ್ಜಿ ಕೊಟ್ಟೆ. ಅಷ್ಟರಲ್ಲಿ ಕೊರೊನಾದ ಮೂರನೆಯ ಅಲೆ ಬಂತೆಂದು ಹೋದ ವಾರ ತಮ್ಮ ಕಚೇರಿಯಿಂದ ಮತ್ತೆ ಫೋನು ಬಂತು: ‘ಮುಂಜಾಗ್ರತೆಗಾಗಿ ಇನ್ನೂ ಹತ್ತು ರೆಡಿ ಇಡಿಸಿರಿ.’ ಹಾಗಾಗಿ ಈ ನಾಲ್ಕನೆಯ ಅರ್ಜಿಯನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಯಾವ ತಾಲೂಕು ಎಂದು ನಾನು ಬರೆಯುವುದಿಲ್ಲ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಯಾವುದಾದರೂ ಅಂದುಕೊಳ್ಳಬಹುದು. ಪ್ರತಿಯೊಂದು ಕಚೇರಿಯವರೂ ಇದು ಪಕ್ಕದ ತಾಲೂಕಿನ ಸಂಗತಿ ಎಂದು ನಿಟ್ಟುಸಿರು ಬಿಡಲಿ. ಅಷ್ಟು ನೆಮ್ಮದಿಯನ್ನಾದರೂ ನನ್ನಿಂದ ಸರಕಾರಕ್ಕೆ ಕೊಡಲಾದೀತು.

ಮೊದಲು ನಾವು ಯಾರೆಂದು ಹೇಳಬೇಕು. ನಮ್ಮದು ಊರ ಹೊರಗಿನ ಕೇರಿ. ಊರಲ್ಲಿ ಯಾರೇ ಸತ್ತರೂ ಕುಣಿ ತೋಡುವುದು, ಹೆಣದ ಮುಂದೆ ಹಲಗಿ ಬಾರಿಸುವುದು, ಬೀಗರ ಊರುಗಳಿಗೆ ನಡೆದು ಹೋಗಿ ಸಾವಿನ ಸುದ್ದಿ ಮುಟ್ಟಿಸುವುದು ನಮ್ಮ ಹಿರಿಯರ ಪಾಲಿಗೆ ಬಂದ ಕೆಲಸ. ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬ ಆದೇಶದ ಪ್ರತಿ ನಮ್ಮ ಬಳಿ ಇಲ್ಲ. ನನ್ನ ಅಪ್ಪ ಹೊಳೆಯಾಚೆಗೂ ಸುದ್ದಿ ಒಯ್ಯುತ್ತಿದ್ದ. ಸುದ್ದಿ ಹೇಳಿ, ಅವರ ಅಂಗಳದಲ್ಲಿ ನೀರು ಸಹ ಕುಡಿಯದೆ ತಿರುಗಿ ಬರುತ್ತಿದ್ದ. ನಾನೊಬ್ಬ ಕಲಿತೆ, ಮಾಸ್ತರನಾದೆ. ಅಣ್ಣ ಅಪ್ಪನ ಗುದ್ದಲಿ ಹಿಡಿದ. ನಮ್ಮಲ್ಲಿ ಒಬ್ಬನಾದರೂ ಈ ಕೆಲಸದಿಂದ ಹೊರಗೆ ಬಂದನೆಂದು ಅಪ್ಪ ಸಾಯುವಾಗ ಸಮಾಧಾನದಿಂದಿದ್ದ.

ಹೋದ ವರ್ಷ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ಶಿಕ್ಷಕರನ್ನೆಲ್ಲ ಕೊರೊನಾ ಡ್ಯೂಟಿಗೆ ಹಾಕಿದಿರಿ. ನಮ್ಮ ಕೇಂದ್ರದಲ್ಲಿ ನಾವು ಹನ್ನೊಂದು ಜನ. ಒಬ್ಬರಿಗೆ ಊಟದ ಪೊಟ್ಟಣ, ಒಬ್ಬರಿಗೆ ಲಸಿಕೆಯ ಪಟ್ಟಿ, ಒಬ್ಬರಿಗೆ ರಸ್ತೆಯ ನಾಕಾ ಕಾವಲು. ಸತ್ತವರ ಮನೆಗೆ ಫೋನು ಮಾಡಿ ತಿಳಿಸುವ ಕೆಲಸ ನನಗೆ ಬಂತು. ಇದು ನನಗೇ ಯಾಕೆ ಎಂದು ಕೇಳಿದೆ. ಪಟ್ಟಿ ಮಾಡಿದ ಗುಮಾಸ್ತರು ಬಹಳ ಪ್ರೀತಿಯಿಂದಲೇ ಹೇಳಿದರು: “ನಿಮ್ಮ ಮನಿತನಕ್ಕ ಅದು ರೂಢಿ ಐತಲ್ರಿ ಮಾಸ್ತರ, ನಮಗ ಧೈರ್ಯ ಸಾಲೂದಿಲ್ರಿ.” ಅವರು ಕೆಟ್ಟ ಮನಸ್ಸಿನವರಲ್ಲ. ಕೆಟ್ಟ ಮನಸ್ಸಿನವರಾಗಿದ್ದರೆ ನಾನು ಜಗಳವನ್ನಾದರೂ ಆಡಬಹುದಿತ್ತು. ಹತ್ತೊಂಬತ್ತು ವರ್ಷ ಸೀಮೆಸುಣ್ಣ ಹಿಡಿದ ಮೇಲೆ ನಾನು ಮತ್ತೆ ಅಪ್ಪನ ಕೆಲಸಕ್ಕೇ ಬಂದು ನಿಂತೆ. ಅವನು ನಡೆದು ಹೋಗುತ್ತಿದ್ದ, ನಾನು ಕುರ್ಚಿಯ ಮೇಲೆ ಕೂತಿದ್ದೆ. ಪ್ರಗತಿ ಎಂದರೆ ಇದೇ ಇರಬೇಕು.

ಆ ಕುರ್ಚಿಗೇ ತಮ್ಮ ಅಪ್ಪಣೆ ಬಂದದ್ದು. ಹೆಣ ಬಂದ ಮೇಲೆ ಕುಣಿ ತೋಡಿದರೆ ತಡವಾಗುತ್ತದೆ, ಗಾಡಿ ಬಿಸಿಲಲ್ಲಿ ನಿಲ್ಲುತ್ತದೆ, ಆದ್ದರಿಂದ ಹತ್ತು ಕುಣಿಗಳನ್ನು ಮುಂಗಡವಾಗಿ ತೋಡಿಸಿ ಇಡತಕ್ಕದ್ದು. ಜೆಸಿಬಿಯವರು ರೋಗಕ್ಕೆ ಹೆದರಿ ಫೋನೇ ಎತ್ತಲಿಲ್ಲ. ‘ನಿಮ್ಮ ಅಣ್ಣ ಇದ್ದಾನಲ್ಲ, ಅವನಿಗೆ ಹೇಳಿ’ ಅಂದರು ತಮ್ಮ ಕಚೇರಿಯವರು. ಕಾಗದವಿಲ್ಲ, ಸಹಿಯಿಲ್ಲ, ಬಾಯಿಮಾತು. ನಾನು ಹೇಳಿದೆ.

ಇಲ್ಲಿ ತಮಗೆ ಒಂದು ವಿಷಯ ತಿಳಿಸಬೇಕು. ನಮ್ಮಲ್ಲಿ ಹೆಣ ಬೀಳುವ ಮೊದಲು ಕುಣಿ ತೋಡುವುದಿಲ್ಲ. ಸುದ್ದಿ ಬಂದ ಮೇಲೆಯೇ ಗುದ್ದಲಿ ಹೆಗಲೇರುವುದು. ಒಮ್ಮೊಮ್ಮೆ ತೋಡಿದ ಮೇಲೆ ಸತ್ತವರ ಮನೆಯವರು ಮನಸ್ಸು ಬದಲಿಸಿ ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ ಅನ್ನುವುದುಂಟು. ಆಗ ತೋಡಿದವನು ಕುಣಿಯನ್ನು ಹಾಗೇ ಬಿಟ್ಟು ಮನೆಗೆ ಹೋಗುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಒಂದು ಕುಂಬಳಕಾಯಿ ಇಟ್ಟು, ಮಣ್ಣೆಳೆದು, ಕೈ ಮುಗಿದು ಬರಬೇಕು. ಬರಿದಾದ ಕುಣಿ ಯಾರನ್ನಾದರೂ ಕರೆಯುತ್ತದೆ ಎಂದು ನಂಬಿಕೆ. ಇದನ್ನು ಅಣ್ಣನಿಗೆ ಅಪ್ಪ ಕಲಿಸಿದ್ದ, ಅಪ್ಪನಿಗೆ ಅವನಪ್ಪ.

ಅಣ್ಣ ಮೊದಲು ಒಲ್ಲೆ ಅಂದ. “ತಮ್ಮಾ, ಒಂದೆರಡಲ್ಲ, ಹತ್ತಂದ್ರ ಹತ್ತು. ಹಂಗ ತಗದು ಇಡಾಕ ಬರೂದಿಲ್ಲೋ” ಎಂದ. ನಾನು ಏನು ಹೇಳಿದೆ ಗೊತ್ತೇ? ಐದನೆಯ ತರಗತಿಗೆ ವಿಜ್ಞಾನ ಹೇಳುವ ಮಾಸ್ತರ ನಾನು. “ಯಣ್ಣಾ, ಇದು ಮೂಢನಂಬಿಕಿ. ನೆಲಕ್ಕ ಕಣ್ಣಿಲ್ಲ, ಬಾಯಿಲ್ಲ. ಸಾಹೇಬ್ರು ಹೇಳ್ಯಾರ, ತೋಡು” ಅಂದೆ. ಅಣ್ಣ ನನ್ನ ಮಾತನ್ನು ಯಾವತ್ತೂ ಮೀರಿದವನಲ್ಲ. ಮನೆಯಲ್ಲಿ ಕಲಿತವನು ನಾನೊಬ್ಬನೇ ಎಂಬ ಅಭಿಮಾನ ಅವನಿಗೆ. ಒಂದು ವಾರ ಗರಸು ನೆಲವನ್ನು ಒಬ್ಬನೇ ಕಡಿದು ಹತ್ತು ಕುಣಿ ತೋಡಿದ.

ಮೊದಲ ದಿನ ಸಂಜೆಯೇ ಸುದ್ದಿ ಕೇಳಿ ನಮ್ಮ ಸೋದರತ್ತೆ ಫಕ್ಕೀರವ್ವ ಕಟ್ಟೆಯಿಂದಲೇ ಬೈದಳು. ಅವ್ವ ಸತ್ತ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳು. “ಕರೀದ ಬೀಗರಿಗೆ ಎಲಿ ಹಾಕಿ ಕುಂತಿರೇನೋ. ಎಲಿ ಹಾಕಿದ ಮ್ಯಾಗ ಉಣ್ಣಾವ್ರು ಬರ್ತಾರ.” ನಾನು ನಕ್ಕೆ. ಅಣ್ಣ ನಗಲಿಲ್ಲ.

ಉಣ್ಣುವವರು ಬಂದರು. ಹನ್ನೊಂದು ದಿನದಲ್ಲಿ ಒಂಬತ್ತು ಕುಣಿ ತುಂಬಿದವು. ಒಂಬತ್ತನೆಯದರಲ್ಲಿ ಇಳಿದವಳು ಫಕ್ಕೀರವ್ವ. ಮನೆಯವರು ಯಾರೂ ಹತ್ತಿರ ಬರುವಂತಿಲ್ಲ ಎಂಬ ನಿಯಮವಿತ್ತು. ಆದರೆ ಮಣ್ಣೆಳೆಯಲು ಒಬ್ಬ ಬೇಕಲ್ಲ, ಅಣ್ಣ ಮನೆಯವನಾಗಿ ಅಲ್ಲ, ಕೆಲಸದವನಾಗಿ ಅಲ್ಲಿ ನಿಂತ. ಅವನ ಮೈಮೇಲಿನ ಕೊರೊನಾದ ನೀಲಿ ಕೋಟಿನೊಳಗೆ ಬೆವರು ಇಳಿಯುತ್ತಿತ್ತಂತೆ, ಕಣ್ಣೀರು ಒರೆಸಿಕೊಳ್ಳಲು ಕನ್ನಡಕ ಅಡ್ಡವಿತ್ತಂತೆ. ಹಲಗಿ ಬಾರಿಸಲು ಅನುಮತಿ ಇರಲಿಲ್ಲ. ಊರಿನ ಎಲ್ಲರಿಗೂ ಹಲಗಿ ಬಾರಿಸಿದ ಮನೆತನದ ಮುದುಕಿ ಸದ್ದಿಲ್ಲದೆ ಹೋದಳು. ಆಕೆಯ ಸಾವಿನ ಸುದ್ದಿಯನ್ನು ಮನೆಗೆ ಫೋನು ಮಾಡಿ ತಿಳಿಸಿದವನು, ಪಟ್ಟಿಯ ಪ್ರಕಾರ, ನಾನೇ. ನನಗೆ ನಾನೇ ತಿಳಿಸಿಕೊಂಡಂತಾಯಿತು.

ಆಮೇಲೆ ರೋಗ ಇಳಿಯಿತು. ಹತ್ತನೆಯ ಕುಣಿ ಉಳಿಯಿತು. ನೆಲ ಗಟ್ಟಿ ಇರುವುದರಿಂದ ಮಳೆಗೂ ಕುಸಿಯಲಿಲ್ಲ.

ಅಣ್ಣ ಹೇಗಿದ್ದವನು ಎಂದು ತಮಗೆ ಗೊತ್ತಿಲ್ಲ. ಊರಿನ ದಪ್ಪ ಧಣಿಗಳನ್ನು ಕಂಡರೆ “ಸ್ವಲ್ಪ ಕಡಿಮಿ ಉಣ್ರೀ ಧಣೇರ, ನಿಮ್ಮ ಅಳತಿಗೆ ತೋಡೂದ್ರಾಗ ನನ್ನ ಟೊಂಕ ಹೋಕ್ಕೈತಿ” ಎಂದು ಅವರೆದುರೇ ಅನ್ನುವವನು. ಅವರೂ ನಗುತ್ತಿದ್ದರು. ಸಾವಿನ ಜೊತೆ ಹೊಟ್ಟೆಪಾಡು ಮಾಡುವವನಿಗೆ ನಗು ಬೇಕೇಬೇಕು. ಆ ಅಣ್ಣ ಈಗ ನಗುವುದಿಲ್ಲ. ಹಲಗಿಯನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ್ದಾನೆ. ಊಟಕ್ಕೆ ಕೂತರೆ ಎಲೆಯನ್ನೇ ನೋಡುತ್ತ ಎದ್ದುಬಿಡುತ್ತಾನೆ. ಒಂಬತ್ತು ಜನರನ್ನು ರೋಗ ಕೊಂದಿಲ್ಲ, ತಾನು ತೋಡಿದ ಕುಣಿಗಳು ಕರೆದವು, ಅತ್ತೆಯನ್ನು ಕರೆದವನು ತಾನೇ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿದೆ. ದಿನಾ ಹೊತ್ತು ಮುಳುಗುವ ಮುಂಚೆ ಬೇಲಿಯ ಬಳಿ ಹೋಗಿ ನಿಲ್ಲುತ್ತಾನೆ. ಅತ್ತಿಗೆ ಉಡಚವ್ವ ಕೂಲಿ ಬಿಟ್ಟು ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಹೋಗಿ ನಿಲ್ಲುತ್ತಾಳೆ. ಕತ್ತಲಾಗುವಾಗ ಇಬ್ಬರೂ ಮನೆಗೆ ಬರುತ್ತಾರೆ.

ಜೂನ್ ತಿಂಗಳಲ್ಲಿ ಅವನೇ ಒಂದು ಕುಂಬಳಕಾಯಿ ಬುಟ್ಟಿಯಲ್ಲಿಟ್ಟುಕೊಂಡು ಮುಚ್ಚಿ ಬರಲು ಹೋದ. ಕಾವಲಿನವರು ಹಿಡಿದು, ನಿಷೇಧಿತ ಪ್ರದೇಶದಲ್ಲಿ ಅತಿಕ್ರಮಣ ಎಂದು ಹೆದರಿಸಿ ಕಳಿಸಿದರು. ತಾನೇ ತೋಡಿದ ತಗ್ಗಿಗೆ ತಾನೇ ಅತಿಕ್ರಮಣಕಾರ. ಅವತ್ತು ಅವನು ನನ್ನನ್ನು ಕೇಳಿದ ಪ್ರಶ್ನೆಯನ್ನು ತಮಗೇ ಮುಟ್ಟಿಸುತ್ತೇನೆ. “ತೋಡಾಕ ಬಾಯಿಮಾತು ಸಾಕಾತು. ಮುಚ್ಚಾಕ ಯಾಕ ಕಾಗದ ಬೇಕೋ ತಮ್ಮಾ?”

ಕಾಗದವನ್ನೇ ಬರೆದೆ. ಎರಡನೆಯ ಅರ್ಜಿಗೆ ತಮ್ಮ ಉತ್ತರವೂ ಬಂತು. ‘ಸದರಿ ಗುಂಡಿಯು ಸಂಭವನೀಯ ಮೂರನೇ ಅಲೆಯ ಸಲುವಾಗಿ ಕಾಯ್ದಿರಿಸಲ್ಪಟ್ಟಿದ್ದು, ಮುಚ್ಚಲು ಅವಕಾಶವಿರುವುದಿಲ್ಲ.’ ನೌಕರಿಗೆ ಸೇರಿದ ದಿನದಿಂದ ಮೀಸಲಾತಿಯಿಂದ ಬಂದವನು ಎಂದು ಬೆನ್ನ ಹಿಂದೆ ಅನ್ನಿಸಿಕೊಂಡವನು ನಾನು. ನಮ್ಮ ಕೇರಿಯವರ ಪಾಲಿಗೆ ಸರಕಾರ ತಾನಾಗಿಯೇ, ಯಾರೂ ತಕರಾರು ಎತ್ತದ ಹಾಗೆ ಕಾಯ್ದಿರಿಸಿದ್ದನ್ನು ಮೊದಲ ಸಲ ಕಂಡೆ.

ಹಾಗಂತ ಸರಕಾರ ಜನರ ಮನಸ್ಸಿನ ಕಾಳಜಿ ಮಾಡಲಿಲ್ಲ ಎಂದು ನಾನು ಹೇಳಲಾರೆ. ಕೊರೊನಾ ಯೋಧರ ಒತ್ತಡ ನಿವಾರಣೆಗೆಂದು ಆನ್‌ಲೈನ್ ಶಿಬಿರ ಮಾಡಿದಿರಿ. ಯೋಧರ ಪಟ್ಟಿಯಲ್ಲಿ ವೈದ್ಯರಿದ್ದರು, ಪೊಲೀಸರಿದ್ದರು, ನಾನೂ ಇದ್ದೆ. ಕುಣಿ ತೋಡಿದವನು ಯಾವ ಇಲಾಖೆಗೂ ಸೇರಿದವನಲ್ಲವಾದ್ದರಿಂದ ಇರಲಿಲ್ಲ. ಶಿಬಿರದಲ್ಲಿ ಒಬ್ಬರು ಮೆಲುದನಿಯಲ್ಲಿ ‘ಕಣ್ಣು ಮುಚ್ಚಿ, ಒಂದು ವಿಶಾಲವಾದ ನಿಶ್ಶಬ್ದ ಬಯಲನ್ನು ನೆನೆಸಿಕೊಳ್ಳಿ’ ಎಂದರು. ನನಗೆ ಗೊತ್ತಿರುವ ಅಂಥ ಬಯಲು ಒಂದೇ. ಫೋನು ಆರಿಸಿ ಹೊರಗೆ ಬಂದೆ. ಪ್ರಮಾಣಪತ್ರ ಮಾತ್ರ ಅಂಚೆಯಲ್ಲಿ ಬಂತು, ಅಂಚಿಗೆ ಚಿನ್ನದ ಬಣ್ಣ.

ಅಣ್ಣನನ್ನು ದೊಡ್ಡಾಸ್ಪತ್ರೆಗೆ, ತಿಂಗಳಿಗೊಮ್ಮೆ ಮನಸ್ಸಿನ ತೊಂದರೆ ನೋಡುವ ದಿನ, ಕರೆದುಕೊಂಡು ಹೋದೆ. ಅಲ್ಲಿದ್ದ ಆಪ್ತಸಮಾಲೋಚಕಿ ಚಿಕ್ಕ ವಯಸ್ಸಿನವರು, ಒಳ್ಳೆಯವರು. ನಿದ್ದೆ ಬರುತ್ತದೆಯೇ, ಹಸಿವಾಗುತ್ತದೆಯೇ, ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ಕುಟುಂಬ ಎಂದರೆ ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ. ಸೋದರತ್ತೆಗೆ ಅವರು ತುಂಬುತ್ತಿದ್ದ ನಮೂನೆಯಲ್ಲಿ ಮನೆ ಇರಲಿಲ್ಲ. ಅಣ್ಣ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟ: “ಹತ್ತನೇದು ಇನ್ನೂ ತೆರದೈತ್ರಿ ಅಕ್ಕಾರ.” ಅವರು ನನ್ನ ಮುಖ ನೋಡಿದರು. ನಾನು ವಿವರಿಸಿದೆ. ‘ಮೂಢನಂಬಿಕೆ, ತಿಳಿವಳಿಕೆ ನೀಡುವುದು’ ಎಂದು ಬರೆದುಕೊಂಡರು. ನನ್ನದೇ ಮಾತು ಇನ್ನೊಬ್ಬರ ಕೈಬರಹದಲ್ಲಿ ಕಂಡಿತು. ಬರೆದುಕೊಟ್ಟ ಗುಳಿಗೆ ಆಸ್ಪತ್ರೆಯಲ್ಲಿ ಇರಲಿಲ್ಲ. ಮುಂದಿನ ತಿಂಗಳು ಹೋದಾಗ ಆ ಹುಡುಗಿಯೇ ಇರಲಿಲ್ಲ, ಗುತ್ತಿಗೆ ಮುಗಿದಿತ್ತು. ಸಹಾಯವಾಣಿಗೆ ಫೋನು ಮಾಡಿದೆ. ಕುಟುಂಬದ ಜೊತೆ ಕಾಲ ಕಳೆಯಿರಿ, ನಿಮ್ಮ ಹವ್ಯಾಸವನ್ನು ಮುಂದುವರಿಸಿರಿ ಎಂದರು. ಅಣ್ಣನ ಹವ್ಯಾಸ ಹಲಗಿ ಬಾರಿಸುವುದು, ಈಗ ಯಾರಿಗಾಗಿ ಬಾರಿಸಲಿ ಎಂದು ಕೇಳುವಷ್ಟರಲ್ಲಿ ಲೈನು ಕಡಿಯಿತು.

ಮೊನ್ನೆ ಪತ್ರಿಕೆಯಲ್ಲಿ ಅಮೆರಿಕದ ಕಪ್ಪು ಜನರ ಬಗ್ಗೆ ಓದಿದೆ. ಈ ರೋಗ ಅಲ್ಲಿ ಅವರ ಓಣಿಗಳಲ್ಲೇ ಹೆಚ್ಚು ಜನರನ್ನು ಒಯ್ದಿತಂತೆ. ಎಲ್ಲರೂ ಮನೆಯೊಳಗೆ ಕೂತಾಗ ಹೊರಗೆ ದುಡಿಯಲೇಬೇಕಾದವರಲ್ಲಿ ಅವರ ಪಾಲು ದೊಡ್ಡದಂತೆ. ಉಳಿದವರ ಮನಸ್ಸು ಕುಗ್ಗಿದೆಯಂತೆ, ಆದರೂ ಆಸ್ಪತ್ರೆಗೆ ಹೋಗಲು ಕಾಲು ಏಳುವುದಿಲ್ಲವಂತೆ, ಹಿಂದೆ ಹೋದಾಗ ತಮ್ಮ ಮಾತನ್ನು ಯಾರೂ ನಂಬಲಿಲ್ಲ ಎಂಬ ನೆನಪಿಗೆ. ನಾನು ಅವರನ್ನು ಕಂಡವನಲ್ಲ, ಕಾಣುವವನೂ ಅಲ್ಲ. ಆದರೂ ಓದುತ್ತ ಹೋದಂತೆ ಯಾರೋ ನಮ್ಮ ಕೇರಿಯ ಕಟ್ಟೆಯ ಮೇಲೆ ಕೂತು ಬರೆದುಕೊಂಡು ಹೋದ ಹಾಗನ್ನಿಸಿತು. ಒಂದು ವ್ಯತ್ಯಾಸ ಮಾತ್ರ ಇದೆ. ಅಲ್ಲಿ ಯಾರೋ ಒಬ್ಬರು ಬಣ್ಣ ನೋಡಿ ಲೆಕ್ಕ ಹಾಕಿ, ಯಾರ ಮೇಲೆ ಎಷ್ಟು ಭಾರ ಬಿತ್ತು ಎಂದಾದರೂ ಕೇಳಿದ್ದಾರೆ. ನಮ್ಮ ಮನೆಗೆ ಬಂದ ಸಮೀಕ್ಷೆಯಲ್ಲಿ ಮನೆಯ ಚಾವಣಿ ಯಾವುದು, ದನ ಎಷ್ಟು, ಶೌಚಾಲಯ ಉಂಟೇ ಎಂದೆಲ್ಲ ಇತ್ತು. ಊರಿನ ಹೆಣಗಳನ್ನು ಯಾರು ಹೊತ್ತರು, ಹೊತ್ತ ಮೇಲೆ ಅವರು ಹೇಗಿದ್ದಾರೆ ಎಂಬ ಕಲಂ ಇರಲಿಲ್ಲ. ಊರವರು ಸಾವಿನ ಹೊಲಸನ್ನು ಎಂದಿನಿಂದಲೂ ನಮ್ಮ ಕೈಗೆ ಒರೆಸುತ್ತ ಬಂದಿದ್ದಾರೆ, ಅದರ ಭಯವನ್ನೂ ನಮ್ಮ ತಲೆಗೆ ಒರೆಸಿ ಹೋದರು. ಕೈ ತೊಳೆಯಲು ಸಾಬೂನು ಕೊಟ್ಟಿರಿ. ತಲೆ ತೊಳೆಯಲು ಏನು ಕೊಟ್ಟಿರಿ?

ಇನ್ನು ಹೋದ ವಾರದ ಫೋನಿಗೆ ಬರುತ್ತೇನೆ. ‘ಇನ್ನೂ ಹತ್ತು’ ಎಂಬ ಅಪ್ಪಣೆ ಬಂದಾಗ ಹೂಂ ಅಂದೆ, ಅಣ್ಣನಿಗೆ ಹೇಳಲಿಲ್ಲ. ನಮ್ಮ ಮನೆತನದಲ್ಲಿ ಸುದ್ದಿ ಮುಟ್ಟಿಸದೆ ನುಂಗಿಕೊಂಡವನು ನಾನೇ ಮೊದಲಿಗ. ಅದಕ್ಕಾಗಿ ಕಾರಣ ಕೇಳುವ ನೋಟಿಸು ಬಂದಿದೆ. ಮುಂಗಡ ಕುಣಿಯ ಅಪ್ಪಣೆಗೆ ಇಲ್ಲದ ಕಾಗದ ಇದಕ್ಕೆ ಎರಡೇ ದಿನದಲ್ಲಿ ಸಿಕ್ಕಿತು. ಕಾರಣ ಇದೇ, ಇಲ್ಲಿ ಬರೆದದ್ದೇ.

ಆದರೆ ಊರಲ್ಲಿ ಸುದ್ದಿ ನಿಲ್ಲುತ್ತದೆಯೇ? ಯಾರೋ ಹೋಟೆಲಿನಲ್ಲಿ ಅಣ್ಣನಿಗೆ ಹೇಳಿಬಿಟ್ಟರು. ನಾನು ಓಡಿ ಹೋಗುವಷ್ಟರಲ್ಲಿ ಅವನು ಅಂಗಳದಲ್ಲಿ ಗುದ್ದಲಿಗೆ ಹೊಸ ಕಾವು ಕೂಡಿಸುತ್ತ ಕೂತಿದ್ದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಒಂದು ನಿರಾಳ ಕಂಡೆ, ಅದನ್ನು ಕಂಡೇ ಹೆದರಿದೆ.

“ಹತ್ತ್ಯಾಕೋ ಸುಭಾಷಾ? ಒಂಬತ್ತ ಸಾಕು. ಒಂದು ಆಗಲೇ ಐತಲ್ಲ” ಅಂದ.

“ಯಣ್ಣಾ, ತೋಡೂದು ಬ್ಯಾಡ. ನಾ ಬರದು ಕಳಿಸ್ತೀನಿ” ಅಂದೆ.

“ನೀ ಭಾಳ ಬರದಿ. ಅದು ಓದೂದಿಲ್ಲ. ಅದರ ಹೊಟ್ಟಿ ತುಂಬಬೇಕು, ಅಂದ್ರ ಕರಿಯೂದು ನಿಲ್ಲತೈತಿ. ತೋಡಿದಾವ ನಾ ಅಲ್ಲೇನು? ನಾನ ತುಂಬಬೇಕು.”

ಅವನು ಏನು ಹೇಳಿದನೆಂದು ನನಗೆ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ಉಡಚವ್ವನಿಗೂ ತಿಳಿಯಿತು. ಅವಳು ಅಳಲಿಲ್ಲ. ಬಂದು ಅವನ ಕೈಯಿಂದ ಗುದ್ದಲಿ ತೆಗೆದುಕೊಂಡು ಒಳಗೆ ಒಯ್ದಳು, ಬಾಗಿಲಿಗೆ ಅಡ್ಡ ಕೂತಳು. ಅಂದಿನಿಂದ ನಾನು ಮತ್ತು ಅವಳು ಪಾಳಿ ಹಾಕಿಕೊಂಡು ಅವನನ್ನು ಕಾಯುತ್ತಿದ್ದೇವೆ. ಶಾಲೆಗೆ ರಜೆ ಹಾಕಿದ್ದೇನೆ. ಎಷ್ಟು ದಿನ ಕಾಯಬಹುದು? ತಮ್ಮ ಗುಂಡಿಗೆ ಕಾವಲಿದೆ, ಬೇಲಿಯಿದೆ, ಬೀಗವಿದೆ. ನನ್ನ ಅಣ್ಣನಿಗೆ ಇರುವುದು ನಾವಿಬ್ಬರು, ಅದರಲ್ಲಿ ಒಬ್ಬಳಿಗೆ ನಿದ್ದೆಗೆಟ್ಟು ಈಗ ಕೂತಲ್ಲೇ ಜೋಂಪು ಹತ್ತುತ್ತದೆ.

ಕುಣಿ ಕರೆಯುತ್ತದೆಯೇ ಎಂದು ತಾವು ಕೇಳಬಹುದು. ಕರೆಯುವುದಿಲ್ಲ. ಹಾಗೆಂದು ನಾನು ಮೇ ತಿಂಗಳಲ್ಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ, ಹೇಳುವಾಗ ಮಾತ್ರ ದನಿ ಮೊದಲಿನಷ್ಟು ಗಟ್ಟಿ ಬರುವುದಿಲ್ಲ. ಒಬ್ಬ ಮನುಷ್ಯನ ಕೈಯಿಂದ ಅವನು ಜನ್ಮವಿಡೀ ಮಾಡಬಾರದು ಎಂದುಕೊಂಡ ಕೆಲಸವನ್ನು ಮಾಡಿಸಿ, ಆಮೇಲೆ ಅವನ ನಂಬಿಕೆಯೇ ಸುಳ್ಳು ಎಂದರೆ ಅವನು ಎಲ್ಲಿಗೆ ಹೋಗಬೇಕು? ಅವನ ಶಾಸ್ತ್ರದಲ್ಲಿ ತಪ್ಪಿಗೆ ಪರಿಹಾರವಿತ್ತು, ಒಂದು ಕುಂಬಳಕಾಯಿ, ನಾಲ್ಕು ಬುಟ್ಟಿ ಮಣ್ಣು. ನನ್ನ ವಿಜ್ಞಾನದಲ್ಲಿ ಮತ್ತು ತಮ್ಮ ಕಡತದಲ್ಲಿ ಅದೂ ಇಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಗುಳಿಗೆ ಬೇಡ, ಶಿಬಿರ ಬೇಡ, ಅಣ್ಣನಿಗೆ ಚಿನ್ನದ ಅಂಚಿನ ಕಾಗದವೂ ಬೇಡ. ಹೆಣ ಬರುವ ಮೊದಲು ಯಾರ ಕೈಯಿಂದಲೂ ಕುಣಿ ತೋಡಿಸುವುದಿಲ್ಲ ಎಂದು ಒಂದು ಸಾಲು ಬರೆದು ಸಹಿ ಮಾಡಿ. ಬೇಲಿಯ ಬೀಗದ ಕೈಯನ್ನು ಒಂದೇ ಒಂದು ಸಂಜೆಯ ಮಟ್ಟಿಗೆ ಕಳಿಸಿಕೊಡಿ. ತಾವು ನಂಬಬೇಕಾಗಿಲ್ಲ, ಬರಬೇಕಾಗಿಯೂ ಇಲ್ಲ.

ಆಗುವುದೇನೆಂದು ನನಗೆ ಗೊತ್ತಿಲ್ಲದೆ ಇಲ್ಲ. ಈ ಪತ್ರಕ್ಕೆ ಒಂದು ನಂಬರು ಬೀಳುತ್ತದೆ. ಅದು ಆರೋಗ್ಯದವರಿಗೆ ಹೋಗುತ್ತದೆ, ಅವರು ಕಂದಾಯದವರಿಗೆ ಕಳಿಸುತ್ತಾರೆ, ಅವರು ನನ್ನ ಇಲಾಖೆಗೆ ಕಳಿಸುತ್ತಾರೆ, ಅಲ್ಲಿಂದ ನನಗೆ ಇನ್ನೊಂದು ನೋಟಿಸು ಬರುತ್ತದೆ. ಅಷ್ಟರಲ್ಲಿ ನಮ್ಮ ಪಾಳಿಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿರುತ್ತದೆ. ಜೂನ್‌ನಲ್ಲಿ ತಂದ ಕುಂಬಳಕಾಯಿ ದಸರೆಗೆ ಮೊದಲೇ ಕೊಳೆಯಿತು. ಉಡಚವ್ವ ಇನ್ನೊಂದು ತಂದು ಅಟ್ಟದ ಮೇಲೆ ಇಟ್ಟಿದ್ದಾಳೆ. ನಿನ್ನೆ ಇಳಿಸಿ ನೋಡಿದಳು, ತೊಟ್ಟಿನ ಬಳಿ ಮೆತ್ತಗಾಗುತ್ತಿದೆ. “ಮಾಸ್ತರ, ಇದೂ ಭಾಳ ದಿನ ತಡಿಯೂದಿಲ್ಲರಿ” ಎಂದಳು. ಕಾಯಿಯ ಬಗ್ಗೆ ಹೇಳಿದಳೋ, ಗಂಡನ ಬಗ್ಗೆಯೋ, ನಾನು ಕೇಳಲಿಲ್ಲ.

ಇಂತಿ,
ತಮ್ಮ ಅಪ್ಪಣೆಯನ್ನು ಒಂದು ಸಲ ಮುಟ್ಟಿಸಿ ಕೆಟ್ಟವನು, ಎರಡನೆಯ ಸಲ ನುಂಗಿಕೊಂಡೂ ಉಳಿಸಲಾರದವನು,
ಸುಭಾಷ, ಸಹಶಿಕ್ಷಕ (ಸದ್ಯಕ್ಕೆ)
ಊರ ಹೊರಗಿನ ಕೇರಿ
ಜನವರಿ ೨೦೨೨